ಕಿಂಡಿಯ ಆಚೆಗೂ ಒಂದು ಕೋಟೆ

ಚಿತ್ರದುರ್ಗದ ಕೋಟೆ ನೋಡಲು ಬಂದವರಲ್ಲಿ ಬಹುಪಾಲು ಜನ ಒನಕೆ ಓಬವ್ವನ ಕಿಂಡಿ ಸಿಕ್ಕಿದೊಡನೆ ಮನಸ್ಸಿನಲ್ಲಿಯೇ ಬೆಟ್ಟ ಇಳಿಯಲು ಶುರುಮಾಡುತ್ತಾರೆ. ಕಿಂಡಿಯಲ್ಲಿ ತೂರಿ ಬರುವ ಮಕ್ಕಳು, ಬರುವ ತಲೆಗೆ ಸುಳ್ಳುಸುಳ್ಳೇ ಒನಕೆ ಬೀಸುವ ಗೆಳೆಯರು, ಮೊಬೈಲು ಹಿಡಿದ ಅಪ್ಪಂದಿರು. ಇಷ್ಟಾದ ಮೇಲೆ ಗೈಡ್ ಎಷ್ಟು ಕೂಗಿ ಕರೆದರೂ ಮೇಲಿನ ಸುತ್ತುಗಳಿಗೆ ಯಾರ ಕಾಲೂ ಏಳುವುದಿಲ್ಲ. ಗೈಡುಗಳದ್ದೂ ಒಂದು ಮಗ್ಗಿ ಇದೆ: ಸುತ್ತು 7, ಬಾಗಿಲು 19, ದಿಡ್ಡಿ ಬಾಗಿಲು 38, ಗುಪ್ತದ್ವಾರ 35, ಅಗೋಚರ ದ್ವಾರ 4. ಕಣ್ಣಿಗೇ ಕಾಣದ ಬಾಗಿಲುಗಳನ್ನು ಲೆಕ್ಕ ಹಾಕಿದ ಪುಣ್ಯಾತ್ಮ ಯಾರು ಎಂದು ಕೇಳುವ ಆಸೆ ನನಗೆ ಪ್ರತಿಸಲವೂ ಆಗುತ್ತದೆ. ಕೇಳಿಲ್ಲ. ಹೊಟ್ಟೆಪಾಡಿನ ಮಗ್ಗಿಯನ್ನು ತಡೆಯಬಾರದು.

ಕೋಟೆಯನ್ನು ಒಂದು ಕಟ್ಟಡ ಕೃತಿ ಎಂದು ಓದಲು ಹೊರಟವರಿಗೆ ಮಾತ್ರ ಈ ಮಗ್ಗಿ ಅಡ್ಡ ಬರುತ್ತದೆ. ಏಳು ಸುತ್ತು ಎಂದ ಕೂಡಲೇ ಬಳೆಯೊಳಗೆ ಬಳೆ ಇಟ್ಟಂಥ ಚಿತ್ರವೊಂದು ಮನಸ್ಸಿನಲ್ಲಿ ಕೂತುಬಿಡುತ್ತದೆ. ಚಿತ್ರದುರ್ಗದಲ್ಲಿ ಅಂಥ ಬಳೆ ಇಲ್ಲ. ಇಲ್ಲಿನ ಗೋಡೆ ಒಂದು ಹೆಬ್ಬಂಡೆಯಿಂದ ಹೊರಟು ಇನ್ನೊಂದು ಹೆಬ್ಬಂಡೆಗೆ ತಲುಪಿದ ಕೂಡಲೇ ಕೆಲಸ ಮುಗಿಯಿತೆಂದು ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ನೂರು ಹೆಜ್ಜೆ ಕಾವಲು ಬಂಡೆಯದ್ದು. ಬಂಡೆ ಮುಗಿದು ಸಂದು ಬಾಯಿಬಿಟ್ಟಲ್ಲಿ ಮತ್ತೆ ಗೋಡೆ. ಹರಿದ ಕಂಬಳಿಗೆ ತೇಪೆ ಹಾಕುವ ಅಜ್ಜಿಯ ಹಾಗೆ, ಬೇಕಾದಲ್ಲಿ ಬೇಕಾದಷ್ಟೇ. ಈ ಕೋಟೆಯ ಬಗ್ಗೆ ನನಗಿರುವ ಮೆಚ್ಚುಗೆಯೆಲ್ಲ ಮೊದಲು ಈ ಜಿಪುಣತನದ ಮೇಲೆ. ಕಟ್ಟಿದವರ ಜಾಣ್ಮೆ ಕಾಣುವುದು ಅವರು ಕಟ್ಟದೆ ಬಿಟ್ಟ ಕಡೆಗಳಲ್ಲಿ.

ಇದಕ್ಕೆ ಎದುರಾಗಿ ದೇವಗಿರಿಯನ್ನು ಇಟ್ಟು ನೋಡಬಹುದು. ಕನ್ನಡದಲ್ಲೂ ಶಾಸನ ಹಾಕಿಸಿದ ಸೇವುಣರ ರಾಜಧಾನಿ ಅದು. ಅಲ್ಲಿ ಗುಡ್ಡದ ಬುಡವನ್ನೇ ಸುತ್ತಲೂ ಕಡಿದು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದ್ದಾರೆ, ಕಂದಕ ತೋಡಿದ್ದಾರೆ, ಒಳಗೆ ಹೋಗಲು ಬಂಡೆಯ ಹೊಟ್ಟೆಯಲ್ಲಿ ಕತ್ತಲೆಯ ಸುರಂಗ ಕೊರೆದಿದ್ದಾರೆ. ಅದು ಪ್ರಕೃತಿಗೆ ಅಪ್ಪಣೆ ಕೊಡುವ ವಾಸ್ತು. ನೋಡಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಚಿತ್ರದುರ್ಗದಲ್ಲಿ ಅಪ್ಪಣೆ ಇಲ್ಲ, ಹೊಂದಾಣಿಕೆ ಇದೆ. ಯಾವುದು ಹೆಚ್ಚು ಎಂದರೆ, ಬೆರಗಿಗೆ ದೇವಗಿರಿ, ಬುದ್ಧಿಗೆ ದುರ್ಗ ಎನ್ನುತ್ತೇನೆ. ಬಯಲುಸೀಮೆಯ ಪಾಳೆಯಗಾರರ ಬೊಕ್ಕಸಕ್ಕೆ ಅಪ್ಪಣೆಯ ವಾಸ್ತು ಎಟುಕುತ್ತಲೂ ಇರಲಿಲ್ಲ.

ಪಾಳೆಯಗಾರರೇ ಈ ಜಾಗವನ್ನು ಕಂಡುಹಿಡಿದದ್ದೇನೂ ಅಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ ಇದು ಬೆಮ್ಮತ್ತನಕಲ್ಲು, ಬೆಮ್ಮತ್ತನೂರು. ಬೆಟ್ಟದ ಮೇಲಿನ ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಗುಡಿಗಳು ನಾಯಕರಿಗಿಂತ ಹಳೆಯವು. ವಿಜಯನಗರದ ಅರಸರ ಕೈಕೆಳಗೆ ತಿಮ್ಮಣ್ಣ ನಾಯಕ 1568ರ ಹೊತ್ತಿಗೆ ಇಲ್ಲಿ ನೆಲೆಯೂರಿದ. ಮುಂದಿನ ಇನ್ನೂರು ಚಿಲ್ಲರೆ ವರ್ಷ ಬೇಡ ಸಮುದಾಯದ ಈ ನಾಯಕರು ಗೋಡೆಗೆ ಗೋಡೆ ಸೇರಿಸುತ್ತ ಹೋದರು. 1689ರಿಂದ 1721ರವರೆಗೆ ಆಳಿದ ಭರಮಣ್ಣ ನಾಯಕನ ಹೆಸರು ಗುಡಿಗಳು, ಕೆರೆಗಳು, ಬತ್ತೇರಿಗಳ ಜೊತೆ ಬರುತ್ತದೆ. ಒಬ್ಬ ಸ್ಥಪತಿಯ ಕನಸಾಗಿ ಇದು ಹುಟ್ಟಲಿಲ್ಲ. ತಲೆಮಾರಿನ ಮೇಲೆ ತಲೆಮಾರು, ಹೆದರಿಕೆ ಬಂದಾಗೊಂದು ಗೋಡೆ, ಹಣ ಬಂದಾಗೊಂದು ಗುಡಿ ಎಂದು ಬೆಳೆದ ಕೃತಿ. ಹಾಗಾಗಿಯೇ ಇದರಲ್ಲಿ ಸಮಪ್ರಮಾಣ ಹುಡುಕುವವರಿಗೆ ನಿರಾಸೆ ಕಾದಿದೆ.

ಗೋಡೆಯ ಕಸುಬನ್ನು ಹತ್ತಿರದಿಂದ ನೋಡಿ. ಬಂಡೆಯ ಮೈಮೇಲೆ ಸಾಲಾಗಿ ಉಳಿ ಕೊರೆದ ಗುಳಿಗಳು ಇನ್ನೂ ಇವೆ. ಬೆಣೆ ಬಡಿದು ಕಲ್ಲು ಸೀಳಿಸಿದ ಗುರುತು ಅವು. ಹಾಗೆ ಸೀಳಿ ಬಂದ ಕಲ್ಲನ್ನು ಗಾರೆಯ ಹಂಗಿಲ್ಲದೆ ಒಂದಕ್ಕೊಂದು ಕಚ್ಚಿಸಿ ಕೂರಿಸಿದ ಕಡೆಗಳಲ್ಲಿ ಸಂದಿನೊಳಗೆ ಚಾಕುವಿನ ಅಲಗೂ ಇಳಿಯದು. ಕಲ್ಲುಗಣಿಯೂ ಕಟ್ಟೋಣವೂ ಒಂದೇ ಜಾಗದಲ್ಲಿ ನಡೆದ ಕೆಲಸ. ಹೊರುವ ಕೂಲಿ ಉಳಿಯಿತು, ಸೀಳಿದ ಬಂಡೆಯ ಮೈ ಇನ್ನಷ್ಟು ಕಡಿದಾಗಿ ಶತ್ರುವಿಗೆ ಹತ್ತಲಾರದಂತಾಯಿತು. ಒಂದೇ ಪೆಟ್ಟಿಗೆ ಎರಡು ಲಾಭ.

ಬಾಗಿಲುಗಳೂ ಅಷ್ಟೇ. ಪ್ರವೇಶದ ಬಳಿ ಗೋಡೆಯ ಮೇಲೆ ಹಾವಿನ ಉಬ್ಬುಚಿತ್ರವಿದೆ. ಕೋಟೆಯ ದಾರಿ ಹಾವಿನಂತೆ ಎಂಬ ಸೂಚನೆ ಅದು ಎಂದು ಗೈಡುಗಳು ವಿವರಿಸುತ್ತಾರೆ. ಕಡೆದವನ ಮನಸ್ಸಿನಲ್ಲಿ ಅದಿತ್ತೋ ಇಲ್ಲವೋ, ವಿವರಣೆಯಂತೂ ಚೆನ್ನಾಗಿ ಒಪ್ಪುತ್ತದೆ. ಒಂದು ಬಾಗಿಲು ದಾಟಿದರೆ ಮುಂದಿನ ಬಾಗಿಲು ಎದುರಿಗೆ ಸಿಗುವುದಿಲ್ಲ. ದಾರಿ ಗಕ್ಕನೆ ತಿರುಗಿ ಗೋಡೆಗೆ ಮುಖ ಕೊಡುತ್ತದೆ. ಆನೆಗೆ ಓಡಿಬಂದು ಹಾಯಲು ಜಾಗವಿಲ್ಲ, ದಿಮ್ಮಿ ಬೀಸಲು ಅಂತರವಿಲ್ಲ, ನುಗ್ಗಿದವನ ಬೆನ್ನು ಮೇಲಿನ ಕಾವಲಿಗೆ ಬಿಟ್ಟ ಗುರಿ. ಕೆಳಗಿನ ಸುತ್ತುಗಳು ಈಗ ಪೇಟೆಯೊಳಗೆ ಕರಗಿಹೋಗಿವೆ. ರಂಗಯ್ಯನ ಬಾಗಿಲ ಸುತ್ತ ಬೈಕು ಆಟೋಗಳ ಓಡಾಟ. ಊರಿನವರು ಅದನ್ನು ಸ್ಮಾರಕವೆಂದು ನಿಂತು ನೋಡುವುದಿಲ್ಲ, ವಿಳಾಸ ಹೇಳಲು ಬಳಸುತ್ತಾರೆ. ಬಾಗಿಲಿಗೆ ಅದಕ್ಕಿಂತ ಒಳ್ಳೆಯ ಮುಪ್ಪು ಯಾವುದಿದ್ದೀತು.

ಇನ್ನು ನೀರು. ದುರ್ಗದ ನಿಜವಾದ ಶ್ರೇಷ್ಠ ಕೃತಿ ಗೋಡೆಯಲ್ಲ, ನೀರು ಎಂಬುದು ನನ್ನ ತೀರ್ಮಾನ. ಮಳೆ ಕೈಕೊಡುವ ಸೀಮೆ ಇದು, ಹತ್ತಿರದಲ್ಲಿ ತುಂಬಿ ಹರಿಯುವ ನದಿ ಇಲ್ಲ. ಬೋಳು ಬಂಡೆಯ ಬೆಟ್ಟದ ಮೇಲೆ ಊರೊಂದು ತಿಂಗಳುಗಟ್ಟಲೆ ಮುತ್ತಿಗೆ ತಡೆಯಬೇಕು. ಕಟ್ಟಿದವರು ಕಂಡದ್ದು ಸರಳ ಸಂಗತಿ: ಬೋಳು ಬಂಡೆ ಮಳೆಯನ್ನು ಕುಡಿಯುವುದಿಲ್ಲ, ಬಿದ್ದಷ್ಟನ್ನೂ ಕೆಳಗೆ ಕೊಡುತ್ತದೆ. ಬೆಟ್ಟಕ್ಕೆ ಬೆಟ್ಟವೇ ಅವರಿಗೆ ಚಾವಣಿಯಾಯಿತು. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿ ಕೋಡಿ ಬಿದ್ದರೆ ಅಕ್ಕತಂಗಿಯರ ಹೊಂಡ, ಅಲ್ಲಿಂದ ಇಳಿದು ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆಹೊಂಡ. ಒಂದರ ಎಂಜಲು ಇನ್ನೊಂದರ ಪಾಲು. ಏತವಿಲ್ಲ, ರಾಟೆಯಿಲ್ಲ, ಇಳಿಜಾರೊಂದೇ ಯಂತ್ರ. ಗೋಡೆಗಳು ಕಾವಲಿಗಿರುವುದೇ ಈ ಹೊಂಡಗಳಿಗಾಗಿ ಎಂದು ಓದಿದರೆ ಕೋಟೆಯ ನಕ್ಷೆ ಇದ್ದಕ್ಕಿದ್ದಂತೆ ಅರ್ಥವಾಗತೊಡಗುತ್ತದೆ. ಕೊನೆಯ ಪಾಳೆಯಗಾರ ಮದಕರಿ ನಾಯಕನ ರಾಣಿಯರು ಅಕ್ಕತಂಗಿಯರ ಹೊಂಡಕ್ಕೆ ಧುಮುಕಿದರೆಂಬ ಕಥೆ ಎಲ್ಲರಿಗೂ ಗೊತ್ತು. ಆ ಹೊಂಡಕ್ಕೆ ನೀರು ಎಲ್ಲಿಂದ ಬರುತ್ತದೆಂದು ಕೇಳಿದರೆ ಮೌನ.

ಓಬವ್ವನ ಕಥೆಗೆ ಈಗ ಮರಳಬಹುದು. ಆ ಕಥೆಯ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ನಾವು ಹೇಳುವ ರೀತಿಯ ಮೇಲೆ ಇದೆ. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ, ಹೆಂಡತಿ ನೀರು ತರಲು ಹೊರಟಿದ್ದಾಳೆ, ಬಂಡೆಯ ಸಂದಿನಲ್ಲಿ ಶತ್ರುಗಳು ತೂರುವ ಸದ್ದು ಕೇಳುತ್ತದೆ, ಕೈಗೆ ಸಿಕ್ಕಿದ್ದು ಒನಕೆ. ಕಥೆಯ ಒಂದೊಂದು ಎಳೆಯೂ ಈ ಕೋಟೆಯ ಬಗ್ಗೆಯೇ ಮಾತಾಡುತ್ತಿದೆ. ಬಂಡೆಯನ್ನು ನಂಬಿ ಕಟ್ಟಿದ ಕೋಟೆಯಲ್ಲಿ ಬಂಡೆ ಬಿಟ್ಟ ಸಂದೇ ಅಪಾಯ. ಇಡೀ ಗೋಡೆ ಕೈಯಾರೆ ಕಟ್ಟಿದವನಿಗೆ ತನ್ನ ಗೋಡೆಯ ತೂತು ಗೊತ್ತಿರುತ್ತದೆ. ಬೆಟ್ಟದಿಂದ ಗೋಡೆಯನ್ನು ಎರವಲು ತಂದವನಿಗೆ ಎಲ್ಲ ತೂತುಗಳೂ ಗೊತ್ತಿರಲು ಸಾಧ್ಯವಿಲ್ಲ. ಅವು ಗೊತ್ತಿರುವುದು ದಿನಾ ಆ ದಾರಿಯಲ್ಲಿ ಕೊಡ ಹೊತ್ತು ಓಡಾಡುವವರಿಗೆ. ಅಂದರೆ ಜನಪದರು ಕಟ್ಟಿದ ಈ ಕಥೆ ಕೋಟೆಯ ಮೇಲೆ ಬರೆದ ಮೊದಲ ವಿಮರ್ಶೆ. ಹಿರಿಮೆಯ ಒಡಲಿನಲ್ಲೇ ಇರುವ ದೋಷವನ್ನು ಅದು ಬೊಟ್ಟುಮಾಡಿ ತೋರಿಸಿದೆ. 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ಆ ಪ್ರಸಂಗವನ್ನು ಹಾಡಾಗಿಸಿ, ಜಯಂತಿಯವರ ಕೈಗೆ ಒನಕೆ ಕೊಟ್ಟ ಮೇಲೆ ಓಬವ್ವನಿಗೆ ಒಂದು ಮುಖ ಬಂತು. ಆ ಮುಖದ ಹಿಂದೆ ನೀರಿನ ಕೊಡ ಮರೆಯಾಯಿತು.

ತ.ರಾ.ಸು. ಮಾಡಿದ್ದು ಬೇರೆ ಕೆಲಸ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ‘ದುರ್ಗಾಸ್ತಮಾನ’ದವರೆಗೆ ದುರ್ಗದ ಇತಿಹಾಸವನ್ನು ಅವರು ಕನ್ನಡಿಗರ ಮನೆಮಾತಾಗಿಸಿದರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರು ತೀರಿಕೊಂಡ ಮೇಲೆ. ಆ ಕಾದಂಬರಿಗಳ ಋಣ ದೊಡ್ಡದು. ಆದರೆ ಅವುಗಳನ್ನು ಓದಿ ಬೆಟ್ಟ ಹತ್ತಿದವನು ರಕ್ತ ಬಿದ್ದ ಜಾಗ ಹುಡುಕುತ್ತಾನೆ, ಕಲ್ಲು ಸೀಳಿದ ಗುಳಿ ಅವನ ಕಣ್ಣಿಗೆ ಬೀಳುವುದಿಲ್ಲ. ಹದಿಹರೆಯದಲ್ಲಿ ನಾನೂ ಹಾಗೆ ಹುಡುಕಿದವನೇ.

ಮೇಲಿನ ಸುತ್ತಿಗೆ ಹತ್ತಿದ ಕೆಲವರನ್ನು ಕಾಡುವುದು ಅರಮನೆಯ ಅವಶೇಷ. ಕಲ್ಲಿನ ಕೋಟೆಯ ಒಡೆಯರ ಮನೆ ಮಣ್ಣಿನದು! ಚಾವಣಿ ಹೋಗಿ, ಮಳೆ ನೆಕ್ಕಿ ನೆಕ್ಕಿ ಅಂಚು ಮೊಂಡಾದ ದಪ್ಪ ಕೆಂಪು ಗೋಡೆಗಳು ಹುತ್ತಗಳಂತೆ ನಿಂತಿವೆ. ಕಣಜ, ಟಂಕಸಾಲೆ ಎಂದು ತೋರಿಸುವ ಕಟ್ಟಡಗಳೂ ಮಣ್ಣಿನವೇ. ಇದನ್ನು ಬಡತನ ಎಂದು ಓದುವವರಿದ್ದಾರೆ. ನಾನು ವಿವೇಕ ಎಂದು ಓದುತ್ತೇನೆ. ಹಗಲಿಡೀ ಕಾದು ರಾತ್ರಿಯೂ ಶಾಖ ಉಗುಳುವ ಬಂಡೆಗಳ ನಡುವೆ ಮಣ್ಣಿನ ಗೋಡೆಯೇ ತಂಪು. ಕಲ್ಲು ದೇವರಿಗೆ ಮತ್ತು ಶತ್ರುವಿಗೆ, ಮಣ್ಣು ಮನುಷ್ಯನಿಗೆ. ಗುಡಿಗಳನ್ನು ಮಾತ್ರ ನಾನು ಅಷ್ಟಾಗಿ ಹೊಗಳಲಾರೆ. ಸಂಪಿಗೆ ಸಿದ್ಧೇಶ್ವರನ ಎದುರಿನ ಉಯ್ಯಾಲೆ ಕಂಬದ ನೇರ ಗೆರೆಗಳು ಚೆಂದ. ಉಳಿದಂತೆ ಶಿಲ್ಪಕ್ಕಾಗಿ ಬೆಟ್ಟ ಹತ್ತುವವರು ಇತ್ತ ಬರುವ ಬದಲು ಹಳೇಬೀಡಿಗೆ ಹೋಗಬಹುದು. ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬಾಸುರನ ಹಲ್ಲು ಎಂದು ತೋರಿಸುವುದನ್ನು ಮಕ್ಕಳೊಂದಿಗೆ ನಾನೂ ಬಾಯಿಬಿಟ್ಟು ನೋಡಿದ್ದೇನೆ, ಅದು ವಿಮರ್ಶೆಗೆ ಹೊರತು.

ಇಷ್ಟೆಲ್ಲ ಇದ್ದೂ ಕೋಟೆ ಬಿತ್ತಲ್ಲ ಎಂಬ ಪ್ರಶ್ನೆಯಿಂದ ವಿಮರ್ಶಕ ತಪ್ಪಿಸಿಕೊಳ್ಳುವಂತಿಲ್ಲ. ಹೈದರಾಲಿ ಮತ್ತೆ ಮತ್ತೆ ಮುತ್ತಿದ, 1779ರಲ್ಲಿ ಗೆದ್ದ. ಒಳಗಿನವರು ಕೈಬಿಟ್ಟದ್ದರಿಂದ ಗೆದ್ದ ಎಂಬುದನ್ನು ಚರಿತ್ರೆಕಾರರೂ ಲಾವಣಿಕಾರರೂ ಒಪ್ಪುತ್ತಾರೆ. ದೇವಗಿರಿಯ ಬಗ್ಗೆಯೂ ಇಂಥದ್ದೇ ಕಥೆ: 1296ರಲ್ಲಿ ಅಲ್ಲಾವುದ್ದೀನ್ ಮುತ್ತಿದಾಗ ಕಾಳಿನ ಚೀಲಗಳೆಂದು ಕೂಡಿಟ್ಟದ್ದು ಉಪ್ಪಾಗಿತ್ತಂತೆ. ದ್ರೋಹದ ಕಥೆ ಕಲ್ಲನ್ನು ನಿರ್ದೋಷಿಯಾಗಿಸಿಬಿಡುತ್ತದೆ. ನಾನು ಅಷ್ಟು ಸುಲಭಕ್ಕೆ ಬಿಡಲಾರೆ. ಚಿತ್ರದುರ್ಗದ ಕೋಟೆ ತೀರ ವಿಸ್ತಾರ, ತೀರ ಅಂಕುಡೊಂಕು. ಇಷ್ಟು ಬತ್ತೇರಿ, ಇಷ್ಟು ಸಂದುಗಳನ್ನು ಕಾಯಲು ಸಾವಿರಾರು ಕಣ್ಣು ಬೇಕು, ಅದೂ ಬೆಟ್ಟದ ಮಡಿಲಲ್ಲೇ ಬೆಳೆದ ಕಣ್ಣು. ಕಾವಲು ಬಂಡೆಗಳಿಗೆ ಹತ್ತಲು ಕಾಲಿನ ಹೆಬ್ಬೆರಳು ಊರುವಷ್ಟೇ ಗುಳಿ ಕೊರೆದಿರುವುದನ್ನು ನೋಡಿ. ಇದು ಹೊರಗಿನ ಸಂಬಳದ ಸಿಪಾಯಿಗೆ ಮಾಡಿದ ಮೆಟ್ಟಿಲಲ್ಲ. 1770ರಲ್ಲಿ ಪೇಶ್ವೆ ಮಾಧವರಾಯನ ದಂಡಿಗೆ ಜಗ್ಗದ ನಿಜಗಲ್ಲು ದುರ್ಗವನ್ನು ಹತ್ತಿ ಗೆದ್ದುಕೊಟ್ಟವರು ಇದೇ ದುರ್ಗದ ಬೇಡರು. ಅವರಿದ್ದರೆ ಇದು ಕೋಟೆ, ಇಲ್ಲದಿದ್ದರೆ ಬಂಡೆಗಳ ನಡುವಿನ ತೇಪೆ.

ಹೈದರನಿಗೆ ಇದು ಚೆನ್ನಾಗಿ ತಿಳಿದಿತ್ತು. ಗೆದ್ದ ಮೇಲೆ ಅವನು ಕೋಟೆಯ ಗೋಡೆ ಕೆಡವಲಿಲ್ಲ. ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕಳಿಸಿದ. ಜೊತೆಗೆ ಬೇಡರನ್ನೂ ಒಕ್ಕಲೆಬ್ಬಿಸಿ ಅತ್ತ ಸಾಗಿಸಿದ. ಅವರ ಸಂಖ್ಯೆ 20 ಸಾವಿರ ಎಂದು ಹಳೆಯ ಗ್ಯಾಸೆಟಿಯರ್ ಹೇಳುತ್ತದೆ. ಅವರ ಹುಡುಗರನ್ನು ಚೇಲಾ ಪಡೆಗೆ, ಅಂದರೆ ಸೆರೆಸಿಕ್ಕ ಹುಡುಗರನ್ನೇ ಪಳಗಿಸಿ ಕಟ್ಟಿದ ದಂಡಿಗೆ, ಸೇರಿಸಿಕೊಂಡ. ಕೋಟೆಯೊಳಗಿಂದ ಕೋಟೆಯನ್ನು ತೆಗೆದುಬಿಟ್ಟ.

ಹೊಂಡಗಳು ಉಳಿದವು. ಮಳೆ ಹಿಡಿದ ವರ್ಷ ಗೋಪಾಲಸ್ವಾಮಿ ಹೊಂಡ ತುಂಬಿ, ಬಂಡೆಯ ಸಂದಿನಲ್ಲಿ ನೀರು ಇಳಿಯುವ ಸದ್ದು ಕೇಳಿದರೆ ಹಳಬರು ಸಂತೆಹೊಂಡದ ಕಡೆ ನಡೆದು ಹೋಗಿ ಮೆಟ್ಟಿಲ ಮೇಲೆ ನಿಲ್ಲುತ್ತಾರೆ, ಇನ್ನೆಷ್ಟು ಮೆಟ್ಟಿಲು ಮುಳುಗಬೇಕು ಎಂದು ಎಣಿಸುತ್ತ.