ಜಮಾ-ಖರ್ಚಿನ ಪಟ್ಟಿಯಲ್ಲಿ ಬಡವರ ಸಾಲು

ವರ್ಷಕ್ಕೊಮ್ಮೆ ಬಲಿಪೂಜೆಯ ಕೊನೆಯಲ್ಲಿ ಓದಲಾಗುವ ಧರ್ಮಕೇಂದ್ರದ ಜಮಾ-ಖರ್ಚಿನ ಪಟ್ಟಿಯನ್ನು ನಮ್ಮಲ್ಲಿ ಯಾರೂ ದೈವಶಾಸ್ತ್ರದ ಪಠ್ಯವೆಂದು ಎಣಿಸುವುದಿಲ್ಲ. ಓದುವವರಿಗೆ ಅದೊಂದು ಕರ್ತವ್ಯ, ಕೇಳುವವರಿಗೆ ಮನೆಗೆ ಹೊರಡಲು ಅಡ್ಡಬಂದ ಹತ್ತು ನಿಮಿಷ. ಆದರೆ ಪ್ರತಿ ಭಾನುವಾರ ವಿಶ್ವಾಸಪ್ರಮಾಣವನ್ನು ಬಾಯಿಂದ ನುಡಿಯುವ ಸಮುದಾಯವು ವರ್ಷವಿಡೀ ತನ್ನ ಕೈಯಿಂದ ಏನನ್ನು ನುಡಿಯಿತು ಎಂಬುದಕ್ಕೆ ಉಳಿಯುವ ಲಿಖಿತ ಸಾಕ್ಷ್ಯ ಆ ಪಟ್ಟಿಯೇ. ಸಭಾಪಿತೃಗಳ ಬರಹಗಳನ್ನು ಓದುವಷ್ಟೇ ಎಚ್ಚರದಿಂದ ಅದನ್ನೂ ಓದಬೇಕೆಂಬುದು ನಮ್ಮ ವಾದ.

ಸಭಾಪಿತೃಗಳ ಕಾಲದಿಂದಲೇ ಅಂಥ ಒಂದು ಪಟ್ಟಿ ನಮಗೆ ದೊರೆತಿದೆ. 251ರ ಸುಮಾರಿಗೆ ಪೋಪ್ ಕೊರ್ನೇಲಿಯುಸರು ಅಂತಿಯೋಕ್ಯದ ಫಾಬಿಯುಸರಿಗೆ ಬರೆದ ಪತ್ರದ ಭಾಗವೊಂದನ್ನು ಯೂಸೆಬಿಯುಸರು ತಮ್ಮ ಸಭಾ ಚರಿತ್ರೆಯಲ್ಲಿ ಉಳಿಸಿಕೊಟ್ಟಿದ್ದಾರೆ. ರೋಮಿನ ಸಭೆಯಲ್ಲಿ 46 ಗುರುಗಳು, 7 ಧರ್ಮಸೇವಕರು, 7 ಉಪಸೇವಕರು, 42 ಪೀಠಸೇವಕರು, ದೆವ್ವ ಬಿಡಿಸುವವರು, ವಾಚಕರು ಹಾಗೂ ದ್ವಾರಪಾಲಕರು ಸೇರಿ 52 ಮಂದಿ ಇದ್ದರೆಂದು ಲೆಕ್ಕ ಹೇಳಿದ ಮೇಲೆ ಅದೇ ಉಸಿರಿನಲ್ಲಿ 1500ಕ್ಕೂ ಹೆಚ್ಚು ವಿಧವೆಯರನ್ನೂ ಸಂಕಷ್ಟದಲ್ಲಿರುವವರನ್ನೂ ಅವರು ಎಣಿಸುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, ಆ ಪತ್ರದ ವಿಷಯ ದಾನಧರ್ಮವಲ್ಲ. ನೊವಾಷಿಯನ್ ಎಂಬಾತ ತಾನೇ ಧರ್ಮಾಧ್ಯಕ್ಷನೆಂದು ಹೊರಟ ವಿವಾದದಲ್ಲಿ, ನಿಜವಾದ ಸಭೆ ಎಂಥದ್ದೆಂದು ತೋರಿಸಲು ಬರೆದದ್ದು. ಸಭೆಯೆಂದರೆ ಯಾರು ಎಂಬ ಪ್ರಶ್ನೆಗೆ ಉತ್ತರಿಸುವಾಗ ಗುರುಗಳೂ ವಿಧವೆಯರೂ ಒಂದೇ ಪಟ್ಟಿಯಲ್ಲಿ ಬಂದರು, ಒಂದೇ ಭಂಡಾರದಿಂದ ಉಂಡರು.

ಇದು ರೋಮಿನ ವಿಶೇಷವೇನಲ್ಲ. ಎರಡನೆಯ ಶತಮಾನದ ಸಂತ ಜಸ್ಟಿನರು ವರ್ಣಿಸುವ ಭಾನುವಾರದ ಆರಾಧನೆಯಲ್ಲಿ ಸಂಗ್ರಹವಾದ ಕಾಣಿಕೆ ಆರಾಧನೆಯ ಅಧ್ಯಕ್ಷನ ಬಳಿಯೇ ಇರುತ್ತದೆ. ಅನಾಥರ, ರೋಗಿಗಳ, ಸೆರೆಯಲ್ಲಿರುವವರ, ಪರವೂರಿನಿಂದ ಬಂದವರ ಹೊಣೆ ಅವನದೇ. ಸಂತ ಪೌಲರಂತೂ ಜೆರುಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 9ನೇ ಅಧ್ಯಾಯದಲ್ಲಿ 'ಲೆಯ್ತುರ್ಗಿಯ' ಎಂದೇ ಕರೆಯುತ್ತಾರೆ. ಇಂದು ನಾವು ಆರಾಧನಾವಿಧಿಗೆ ಬಳಸುವ ಶಬ್ದವೇ ಅದು.

ಈಗ ನಮ್ಮ ಪಟ್ಟಿಗಳತ್ತ ನೋಡೋಣ. ಪಾಲಕ ಸಂತರ ಹಬ್ಬದ ಖರ್ಚು ವಿವರವಾಗಿಯೇ ಇರುತ್ತದೆ: ದೀಪಾಲಂಕಾರ, ಶಾಮಿಯಾನ, ಧ್ವನಿವರ್ಧಕ, ಬ್ಯಾಂಡು, ತೇರಿನ ಹೂವು, ಪಟಾಕಿ. ಒಂದೊಂದಕ್ಕೂ ಒಂದೊಂದು ಸಾಲು. ಆಮೇಲೆ ಬಣ್ಣ, ದುರಸ್ತಿ, ವಿದ್ಯುತ್ ಬಿಲ್ಲು. ಕಟ್ಟಕಡೆಗೆ ಹಲವೆಡೆ ಕಾಣುವ ಸಾಲು 'ದಾನಧರ್ಮ ಮತ್ತು ಇತರೆ'. ಮೊತ್ತ ಎಷ್ಟೆಂಬುದಕ್ಕಿಂತ ಈ 'ಇತರೆ' ಎಂಬ ಮಾತು ನಮ್ಮನ್ನು ಹೆಚ್ಚು ಕಾಡುತ್ತದೆ. ಕೊರ್ನೇಲಿಯುಸರು ಬಡವರನ್ನು ತಲೆಯೆಣಿಸಿ ಬರೆದರು. ನಾವು ಅವರನ್ನು ಅಂಚೆಚೀಟಿ, ಪೊರಕೆ, ಫಿನಾಯಿಲುಗಳ ಜೊತೆಗೆ ಕೂಡಿಸಿದೆವು. ಕೇಳಿದರೆ, ಅದಕ್ಕೆ ಸಂತ ವಿನ್ಸೆಂಟ್ ದೆ ಪೌಲ್ ಸಭೆಯಿದೆ, ಬಾಗಿಲ ಬಳಿ ಪೆಟ್ಟಿಗೆಯಿದೆ ಎಂಬ ಉತ್ತರ. 1833ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಆ ಸಭೆಯ ಸೇವೆ ದೊಡ್ಡದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಬಡವರ ಹೊಣೆ ಪೂರ್ತಿಯಾಗಿ ಬಾಗಿಲ ಪೆಟ್ಟಿಗೆಗೆ ಸೇರಿದಾಗ, ಬಲಿಪೀಠದ ಬಳಿಗೆ ಬರುವ ಕಾಣಿಕೆ ಬೇರೆಯದೇ ಆಗಿಬಿಡುತ್ತದೆ. ರೊಟ್ಟಿ-ದ್ರಾಕ್ಷಾರಸಗಳ ಜೊತೆ ತರುವ ಹಣ ಬಡವರಿಗಾಗಿ ಅಥವಾ ದೇವಾಲಯಕ್ಕಾಗಿ ಎಂದು ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 73ನೇ ಕಲಂ ಹೇಳುತ್ತದೆ. ನಮ್ಮ ರೂಢಿಯಲ್ಲಿ ಆ ಎರಡರಲ್ಲಿ ಒಂದು ಮಾತ್ರ ಉಳಿದಂತಿದೆ.

ಬೆಥಾನಿಯದ ಸುಗಂಧತೈಲವನ್ನು ನೆನಪಿಸುವವರ ಮಾತಿನಲ್ಲಿ ಸತ್ಯವಿದೆ. ಆ ತೈಲವನ್ನು ಮಾರಿ ಬಡವರಿಗೆ ಕೊಡಬಹುದಿತ್ತೆಂದು ಗೊಣಗಿದವನು ಯೂದ. ದೇವರಿಗೆ ಚೆಂದದ್ದನ್ನು ಅರ್ಪಿಸುವುದು ದುಂದಲ್ಲ; ಹಬ್ಬದ ತೇರನ್ನು ನಮಗಿಂತ ಹೆಚ್ಚು ಪ್ರೀತಿಸುವವರು ಬಡವರೇ. ದೈವಾರಾಧನೆಯನ್ನು ಕುರಿತ 1963ರ ವತಿಕಾನ್ ಸಂವಿಧಾನವೂ ಆಡಂಬರಕ್ಕಿಂತ ಉದಾತ್ತ ಸೌಂದರ್ಯವನ್ನು ಬಯಸಿತೇ ಹೊರತು ಬೋಳು ಗೋಡೆಗಳನ್ನಲ್ಲ. ಸೆರೆಯಾಳುಗಳನ್ನು ಬಿಡಿಸಲು ಪೂಜಾಪಾತ್ರೆಗಳನ್ನು ಒಡೆದು ಕರಗಿಸಿದ ಮಿಲಾನಿನ ಸಂತ ಅಂಬ್ರೋಸರು ಕೂಡ ಪಾತ್ರೆಗಳು ಬೇಡವೆನ್ನಲಿಲ್ಲ. ಅಗತ್ಯ ಬಂದಾಗ ಯಾವುದು ಮೊದಲು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ, ಅಷ್ಟೇ. ನಮ್ಮಲ್ಲಿ ಹಬ್ಬಕ್ಕೆ ಮುಂಗಡ, ಬಡವರಿಗೆ ಮಿಕ್ಕಿದ್ದು.

ದಾನಿಗಳು ಕಮಾನಿಗೆಂದೇ ಕೊಟ್ಟದ್ದನ್ನು ಬೇರೆಡೆ ಬಳಸಲಾಗದೆಂಬುದು ಇನ್ನೊಂದು ಸಮಾಧಾನ. ಧರ್ಮಸಭೆಯ ಕಾನೂನು ಸಂಹಿತೆಯ 1267ನೇ ವಿಧಿ ಹೇಳುವುದೂ ಅದನ್ನೇ, ನಿಜ. ಆದರೆ ಕಮಾನಿಗೆ ಹಣ ಬೇಕೆಂದು ಪ್ರಕಟಿಸಿದವರು ಯಾರು? ಕೊಟ್ಟವರ ಹೆಸರನ್ನು ಗ್ರಾನೈಟಿನಲ್ಲಿ ಕೆತ್ತಿಸುತ್ತೇವೆಂದು ಮಾತುಕೊಟ್ಟವರು ಯಾರು? ದಾನಿಯ ಇಚ್ಛೆಯನ್ನು ರೂಪಿಸುವುದು ಬಹುಪಾಲು ನಮ್ಮ ಪ್ರಕಟಣೆಗಳೇ. ಅದೇ ಸಂಹಿತೆಯ 1254ನೇ ವಿಧಿ ಸಭೆಯ ಆಸ್ತಿಯ ಉದ್ದೇಶಗಳನ್ನು ಹೇಳುವಾಗ ಆರಾಧನೆ ಮತ್ತು ಸೇವಕರ ಜೀವನೋಪಾಯದ ಜೊತೆಗೆ ಪ್ರೇಷಿತಕಾರ್ಯವನ್ನೂ ದಯಾಕಾರ್ಯವನ್ನೂ, ಅದರಲ್ಲೂ ಬಡವರ ಸೇವೆಯನ್ನು, ಸೇರಿಸಿದೆ. ಹಣ ಮಿಕ್ಕಿದರೆ ಎಂಬ ಷರತ್ತು ಅಲ್ಲಿಲ್ಲ.

ಇಷ್ಟಕ್ಕೇ ನಿಲ್ಲದೆ ಇನ್ನೊಂದನ್ನು ಹೇಳಲೇಬೇಕು. ಉಪದೇಶಿಗೆ, ಗಂಟೆ ಬಾರಿಸುವವನಿಗೆ, ಗುರುಮನೆಯ ಅಡುಗೆಯಾಕೆಗೆ ಹಬ್ಬದಲ್ಲಿ ಕೊಡುವ ಸೀರೆ-ಪಂಚೆಗಳನ್ನು ದಾನದ ಲೆಕ್ಕಕ್ಕೆ ಬರೆಯುವ ಅಭ್ಯಾಸ ಕೆಲವೆಡೆ ಇದೆ. ಅವರ ಸಂಬಳ ನ್ಯಾಯವಾದದ್ದೇ ಎಂದು ಅದಕ್ಕೂ ಮುಂಚೆ ಕೇಳಿಕೊಳ್ಳಬೇಕು. 1286ನೇ ವಿಧಿ ಅದನ್ನು ಆಡಳಿತಗಾರರ ಮೇಲೆ ಕಟ್ಟಳೆಯಾಗಿ ಹೊರಿಸಿದೆ. ಸಲ್ಲಬೇಕಾದುದನ್ನು ಸಲ್ಲಿಸದೆ ಕೊಟ್ಟ ಸೀರೆ ದಾನದ ಸಾಲಿನಲ್ಲಿ ಕುಳಿತರೆ ಪಟ್ಟಿಯೇ ಸುಳ್ಳಾಡುತ್ತದೆ.

ಗುರುಮಠದ ವಿದ್ಯಾರ್ಥಿಗಳಿಗೆ ನಾವು ಸಂಸ್ಕಾರಗಳ ದೈವಶಾಸ್ತ್ರವನ್ನು ಎರಡು ಅವಧಿ ಕಲಿಸುತ್ತೇವೆ, ಲೆಕ್ಕಪುಸ್ತಕವನ್ನು ಒಂದು ಮಧ್ಯಾಹ್ನವೂ ತೆರೆಯಿಸುವುದಿಲ್ಲ. ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕೆಂದು 537ನೇ ವಿಧಿ ಹೇಳುತ್ತದೆ. ಅದರ ಮುಂದೆ ಕೂರುವ ಹೊಸ ಗುರುವಿಗೆ ಗುತ್ತಿಗೆದಾರನ ಅಂದಾಜುಪಟ್ಟಿ ಬಿಟ್ಟರೆ ಬೇರೆ ಪಠ್ಯ ಕೈಯಲ್ಲಿರುವುದಿಲ್ಲ. ಮುಂದಿನ ವರ್ಷದ ಆಯವ್ಯಯವನ್ನು ಬರೆಯಲು ಕುಳಿತಾಗ ಧರ್ಮಕೇಂದ್ರದ ಸರಹದ್ದಿನಲ್ಲಿ ಔಷಧಿಗೆ, ಮಕ್ಕಳ ಶಾಲಾ ಶುಲ್ಕಕ್ಕೆ ಪರದಾಡುತ್ತಿರುವ ಮನೆಗಳೆಷ್ಟು ಎಂದು ಎಣಿಸಿ, ಆ ಸಂಖ್ಯೆಯನ್ನು ಹಾಳೆಯ ಮೊದಲ ಸಾಲಿನಲ್ಲಿ ಬರೆದು, ದೀಪಾಲಂಕಾರದ ಮೊತ್ತವನ್ನು ಆಮೇಲೆ ನಿಗದಿಪಡಿಸಲಿ.