ಗಾಯಿಕೆಯರ ಪರಂಪರೆಯೂ ಬೆಂಗಳೂರು ನಾಗರತ್ನಮ್ಮನವರೂ

ದಕ್ಷಿಣದೇಶದ ಸಂಗೀತದ ಇತಿಹಾಸವನ್ನು ಬರೆಯುವವರು ವಾಗ್ಗೇಯಕಾರರಿಂದ ಆರಂಭಿಸಿ, ಅವರ ಶಿಷ್ಯಪ್ರಶಿಷ್ಯರ ವಂಶಾವಳಿಯನ್ನು ವಿವರಿಸಿ, ಸಂಗೀತಸಭೆಗಳ ಸ್ಥಾಪನೆಯ ವೃತ್ತಾಂತದೊಡನೆ ಮುಗಿಸುವುದು ವಾಡಿಕೆ. ದೇವಾಲಯದ ರಂಗಮಂಟಪದಲ್ಲಿಯೂ ಅರಮನೆಯ ದರ್ಬಾರಿನಲ್ಲಿಯೂ ತಲೆಮಾರುಗಳ ಕಾಲ ಹಾಡಿ, ಅಭಿನಯಿಸಿ, ವಾಗ್ಗೇಯಕಾರ ಕ್ಷೇತ್ರಯ್ಯನ ಪದಗಳೆಂಬ ಶೃಂಗಾರಗೀತೆಗಳನ್ನೂ ಅದೇ ಬಗೆಯ ಜಾವಳಿಗಳನ್ನೂ ಕಂಠಸ್ಥವಾಗಿ ಕಾಪಾಡಿಕೊಂಡು ಬಂದ ಗಣಿಕಾಸ್ತ್ರೀಯರಿಗೆ ಆ ವಂಶಾವಳಿಯಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ಅವರ ಕಲೆಯನ್ನು ಸಮಾಜವು ಸ್ವೀಕರಿಸಿತು. ಕಲಾವತಿಯರನ್ನು ಬಾಗಿಲ ಹೊರಗೆ ನಿಲ್ಲಿಸಿತು.

ಈ ಪರಂಪರೆಯ ಗುಣವೇನೆಂಬುದನ್ನು ಮೊದಲು ತಿಳಿಯಬೇಕು. ಪದವೊಂದನ್ನು ವಿಳಂಬಕಾಲದಲ್ಲಿ ಹಾಡುವಾಕೆ ರಾಗದ ಸಂಚಾರಗಳನ್ನು ಅರಿತಿದ್ದರೆ ಸಾಲದು. ನಾಯಿಕೆಯ ಅವಸ್ಥೆ ಯಾವುದು, ಮಾತು ಸಖಿಗೆ ಹೇಳಿದ್ದೋ ನಾಯಕನಿಗೆ ಹೇಳಿದ್ದೋ, ಯಾವ ಶಬ್ದದ ಮೇಲೆ ಸ್ವರ ನಿಲ್ಲಬೇಕು ಎಂಬ ಸಾಹಿತ್ಯವಿವೇಕವೂ ಆಕೆಗೆ ಇರಲೇಬೇಕು. ಆದುದರಿಂದಲೇ ಉತ್ತಮ ಮನೆತನದ ಗಾಯಿಕೆಯರಿಗೆ ಬಾಲ್ಯದಲ್ಲಿ ಸಂಸ್ಕೃತ, ತೆಲುಗು, ಅಲಂಕಾರಶಾಸ್ತ್ರಗಳ ಪಾಠ ನಡೆಯುತ್ತಿತ್ತು. ಕುಲೀನಗೃಹಗಳ ಹೆಣ್ಣುಮಕ್ಕಳಿಗೆ ಅಕ್ಷರವೇ ನಿಷಿದ್ಧವೆಂಬಂತಿದ್ದ ಕಾಲವದು. ಮದರಾಸಿನ ಜಾರ್ಜ್ ಟೌನಿನ ಮನೆಯಲ್ಲಿ ಶುಕ್ರವಾರದ ಸಂಜೆಗಳಲ್ಲಿ ವೀಣೆ ಧನಮ್ಮಾಳ್ ನುಡಿಸುತ್ತಿದ್ದಾಗ ಅತಿ ದೊಡ್ಡ ವಿದ್ವಾಂಸರೂ ಶ್ರೋತೃಗಳಾಗಿ ಕುಳಿತಿರುತ್ತಿದ್ದರೆಂಬುದು ಈ ಶಿಕ್ಷಣದ ಔನ್ನತ್ಯಕ್ಕೆ ಸಾಕ್ಷಿ. ಆದರೆ ಈ ಪರಂಪರೆಯ ಕೀಳಾದ ಮುಖವನ್ನು ಮರೆಮಾಚಿದರೆ ವಿಮರ್ಶೆ ಸ್ತೋತ್ರವಾದೀತು. ತಿಳಿವಳಿಕೆ ಬರುವ ಮೊದಲೇ ಹೆಣ್ಣುಮಗುವಿಗೆ ಗೆಜ್ಜೆ ಕಟ್ಟಿ ಅದರ ಬಾಳಿನ ದಾರಿಯನ್ನು ನಿಶ್ಚಯಿಸುವುದು, ಧನಿಕನ ಪ್ರಸನ್ನತೆಯೇ ಜೀವನೋಪಾಯವಾಗುವುದು, ಕಲೆ ಕೈಗೂಡದವಳಿಗೆ ದಾರಿದ್ರ್ಯ ತಪ್ಪದಿರುವುದು, ಇವೂ ಆ ಪರಂಪರೆಯಲ್ಲಿ ಸೇರಿದ್ದವು.

ಈ ಪರಂಪರೆಯ ತೇಜಸ್ಸೆಲ್ಲವೂ ಒಂದೆಡೆ ಕೂಡಿದುದು ನಂಜನಗೂಡಿನಲ್ಲಿ 1878ರಲ್ಲಿ ಜನಿಸಿದ ನಾಗರತ್ನಮ್ಮನವರಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮನವರು ಮಗಳನ್ನು ವಿದ್ಯಾವತಿಯನ್ನಾಗಿ ಮಾಡಬೇಕೆಂಬ ಛಲದಿಂದ ಮೈಸೂರಿನಲ್ಲಿ ಸಂಸ್ಕೃತವನ್ನು ಹೇಳಿಸಿದರು. ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರು ವಾಗ್ಗೇಯಕಾರರಾದ ತ್ಯಾಗರಾಜರ ಶಿಷ್ಯಪರಂಪರೆಯ ಪಾಠವನ್ನು ಕೊಟ್ಟರು. ಮುಂದೆ ಮದರಾಸಿನಲ್ಲಿ ನೆಲಸಿ ಆಕೆ ಗಳಿಸಿದ ಕೀರ್ತಿಸಂಪತ್ತುಗಳು ಅಪಾರ.

ಆಕೆಯ ವಿದ್ವತ್ತಿನ ಧೈರ್ಯ ಪ್ರಕಟವಾದುದು ಸಂಗೀತದಲ್ಲಲ್ಲ, ಗ್ರಂಥಸಂಪಾದನೆಯಲ್ಲಿ. ಹದಿನೆಂಟನೆಯ ಶತಮಾನದ ತಂಜಾವೂರಿನಲ್ಲಿ, ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಗಣಿಕೆ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಶೃಂಗಾರಕಾವ್ಯವನ್ನು ರಚಿಸಿದ್ದಳು. ಹಿಂದಿನ ಮುದ್ರಣವೊಂದರಲ್ಲಿ ಕವಯಿತ್ರಿಯ ಪರಿಚಯಪದ್ಯಗಳೇ ಲೋಪವಾಗಿದ್ದವು. ಸಮಾಜಸುಧಾರಕರಾದ ಕಂದುಕೂರಿ ವೀರೇಶಲಿಂಗಂ ಪಂತುಲುಗಳಂತಹ ಮಾನ್ಯರು ಅದು ಸ್ತ್ರೀಯ ಬಾಯಿಂದ ಬರತಕ್ಕ ಮಾತಲ್ಲವೆಂದು ಜರೆದಿದ್ದರು. ನಾಗರತ್ನಮ್ಮನವರು ಹಸ್ತಪ್ರತಿಯನ್ನು ಸಂಪಾದಿಸಿ, ಶೋಧಿಸಿ, ವಾವಿಳ್ಳ ಪ್ರಕಾಶನದ ಮೂಲಕ 1910ರಲ್ಲಿ ಪೂರ್ಣಪಾಠವನ್ನು ಪ್ರಕಟಪಡಿಸಿದರು. ಲಜ್ಜೆಯ ನಿಯಮ ಹೆಂಗಸರಿಗೆ ಮಾತ್ರವೋ, ಗಂಡಸರಿಗೂ ಉಂಟೋ ಎಂದು ಮುನ್ನುಡಿಯಲ್ಲಿ ನೇರವಾಗಿ ಪ್ರಶ್ನಿಸಿದರು. ಸರಕಾರ ಪುಸ್ತಕವನ್ನು ನಿಷೇಧಿಸಿತು. ಮಹಾಪುರುಷರು ರಚಿಸಿದ ಶೃಂಗಾರಕಾವ್ಯಗಳು ನಿರಾತಂಕವಾಗಿ ಪಠಿಸಲ್ಪಡುತ್ತಿದ್ದ ನಾಡಿನಲ್ಲಿ ಈ ಒಂದು ಕಾವ್ಯ 1947ರಲ್ಲಿ ಟಂಗುಟೂರಿ ಪ್ರಕಾಶಂ ಅವರ ಆಡಳಿತ ನಿಷೇಧವನ್ನು ತೆಗೆಯುವವರೆಗೆ ಬಂಧನದಲ್ಲಿತ್ತು. ಆಕೆಯ ಆ ಪ್ರಶ್ನೆಗೆ ಅಂದಿನ ಪಂಡಿತವರ್ಗದಿಂದ ಸಮರ್ಪಕವಾದ ಉತ್ತರ ಬರಲಿಲ್ಲವೆಂದೇ ನನ್ನ ಅಭಿಪ್ರಾಯ.

ತಿರುವೈಯಾರಿನ ಕಥೆ ಹೆಚ್ಚು ಪ್ರಸಿದ್ಧ. 1847ರಲ್ಲಿ ಸಿದ್ಧಿ ಹೊಂದಿದ ತ್ಯಾಗರಾಜರ ಸಮಾಧಿ ಕಾವೇರಿಯ ದಡದಲ್ಲಿ ಜೀರ್ಣವಾಗಿದ್ದ ಸುದ್ದಿ ತಿಳಿದು, ಆಕೆ ತನ್ನ ಆಭರಣಗಳನ್ನು ಮಾರಿ, ನೆಲವನ್ನು ದೊರಕಿಸಿಕೊಂಡು, ಗುಡಿಯನ್ನು ಕಟ್ಟಿಸಿ ಪ್ರತಿಷ್ಠೆ ನಡೆಸಿದರು. ಅಲ್ಲಿ ತ್ಯಾಗರಾಜರ ವಾರ್ಷಿಕ ಆರಾಧನೆಯನ್ನು ದೊಡ್ಡ ಪಕ್ಷ, ಚಿಕ್ಕ ಪಕ್ಷವೆಂದು ಒಡೆದುಕೊಂಡು ನಡೆಸುತ್ತಿದ್ದ ವಿದ್ವಾಂಸರು, ತಮ್ಮ ಕಲಹ ಎಷ್ಟೇ ತೀಕ್ಷ್ಣವಾಗಿದ್ದರೂ, ಹೆಂಗಸರು ಅಲ್ಲಿ ಹಾಡಕೂಡದೆಂಬ ಒಂದು ವಿಷಯದಲ್ಲಿ ಮಾತ್ರ ಏಕಾಭಿಪ್ರಾಯದವರಾಗಿದ್ದರು. ಗುಡಿ ಕಟ್ಟಿಸಿದವಳಿಗೇ ಗುಡಿಯ ಮುಂದೆ ಹಾಡುವ ಅಧಿಕಾರವಿಲ್ಲ! ನಾಗರತ್ನಮ್ಮನವರು 1927ರಿಂದ ಸ್ತ್ರೀಯರದೇ ಮೂರನೆಯ ಪಕ್ಷವನ್ನು ಕಟ್ಟಿ, ಸಮಾಧಿಯ ಹಿಂಬದಿಯಲ್ಲಿ ಗಾಯಿಕೆಯರಿಂದ ಆರಾಧನೆ ನಡೆಯಿಸಿದರು. ಒಬ್ಬಳೇ ಒಳಹೊಕ್ಕು ಗೌರವ ಪಡೆಯುವಷ್ಟು ಹಣವೂ ಪ್ರಭಾವವೂ ಆಕೆಗೆ ಇದ್ದಿರಬಹುದು. ತನ್ನೊಡನೆ ಎಲ್ಲರನ್ನೂ ಕರೆದೊಯ್ದುದೇ ಆಕೆಯ ಹಿರಿಮೆ. 1940ರಲ್ಲಿ ಮೂರು ಪಕ್ಷಗಳೂ ಒಂದಾದ ಮೇಲೆ ಸ್ತ್ರೀಪುರುಷರು ಒಂದೇ ಸನ್ನಿಧಿಯಲ್ಲಿ ಹಾಡುವ ಪದ್ಧತಿ ನೆಲೆಗೊಂಡಿತು.

ವಿವಾದಾಸ್ಪದವಾದ ವಿಷಯವೊಂದುಂಟು. ಹೆಣ್ಣುಮಕ್ಕಳನ್ನು ದೇವಾಲಯಕ್ಕೆ ಸಮರ್ಪಿಸುವ ದೇವದಾಸೀ ಪದ್ಧತಿಯನ್ನು ನಿಷೇಧಿಸಬೇಕೆಂದು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಮದರಾಸಿನ ಶಾಸನಸಭೆಯಲ್ಲಿ ಪ್ರಯತ್ನಿಸಿದಾಗ ವಿರೋಧಿಸಿದ ದೇವದಾಸಿಯರ ಮುಂದಾಳುಗಳಲ್ಲಿ ನಾಗರತ್ನಮ್ಮನವರೂ ಒಬ್ಬರು. ರೆಡ್ಡಿಯವರ ತಾಯಿಯೂ ಅದೇ ಸಮುದಾಯದವರು. ಆದುದರಿಂದ ಆ ಜೀವನದ ನೋವನ್ನು ಅವರು ಹೊರಗಿನಿಂದ ಕಂಡವರಲ್ಲ. ಬಾಲೆಯರ ಸಮರ್ಪಣೆಯನ್ನು ನಿಲ್ಲಿಸಿದ 1947ರ ಕಾನೂನು ನ್ಯಾಯವಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನಮ್ಮನ್ನು ವೇಶ್ಯೆಯರೆಂದು ಕರೆಯಬೇಡಿ, ನಮಗೆ ವಿದ್ಯೆಯನ್ನು ಕೊಡಿ ಎಂದು ಆ ಸ್ತ್ರೀಯರು ಮಾಡಿಕೊಂಡ ಬಿನ್ನಹವನ್ನು ಸುಧಾರಕರು ಕಿವಿಗೆ ಹಾಕಿಕೊಳ್ಳದಿದ್ದುದು ದೊಡ್ಡ ಲೋಪ. ಪದ್ಧತಿ ಹೋಯಿತು, ಅದರೊಡನೆ ಕಲಾವಿದೆಯರ ಜೀವನೋಪಾಯವೂ ಹೋಯಿತು, ಅವರ ಪದ ಜಾವಳಿಗಳು ಕಚೇರಿಯ ಕೊನೆಯ ಭಾಗಕ್ಕೆ, ಅದೂ ಕಾಲಾವಕಾಶವಿದ್ದರೆ, ಸರಿದವು. ಭಕ್ತಿಯ ಕೃತಿಗಳಿಂದ ಗೌರವವನ್ನು ಗಳಿಸಿಕೊಂಡ ಗಾಯಿಕೆಯರ ಮುಂದಿನ ತಲೆಮಾರು, ತಮ್ಮ ಅಜ್ಜಿಯರ ಶೃಂಗಾರಗಾನವನ್ನು ಬಹುಮಟ್ಟಿಗೆ ಮರೆಯಬೇಕಾಯಿತು. ನಾಗರತ್ನಮ್ಮನವರ ವಿಜಯದೊಳಗೇ ಅಡಗಿರುವ ನಷ್ಟವಿದು. ಮುದ್ದುಪಳನಿಯನ್ನು ಅಚ್ಚಿನಲ್ಲಿ ಉಳಿಸಿದಾಕೆ ತಾನೇ ಈ ನಷ್ಟವನ್ನು ಎಷ್ಟು ಅನುಭವಿಸಿರಬೇಕು!

1952ರಲ್ಲಿ ಅವರು ತಿರುವೈಯಾರಿನಲ್ಲಿ ತೀರಿಕೊಂಡರು. ಅಲ್ಲಿನ ಆಸ್ತಿಯನ್ನು ಧರ್ಮದತ್ತಿಗೆ ಬಿಟ್ಟ ಉಯಿಲಿನಲ್ಲಿ, ದೇವದಾಸಿಯರೂ ಸೇರಿದಂತೆ ಸ್ತ್ರೀಯರಿಗೆ ಆ ಸನ್ನಿಧಿಯಲ್ಲಿ ಸೇವೆ ಸಲ್ಲಿಸುವ ಹಕ್ಕು ಇರತಕ್ಕದ್ದೆಂದು ವಿಧಿಸಿದರು. ಬೆಂಗಳೂರಿನ ಹೆಸರನ್ನು ತನ್ನ ಹೆಸರಿನೊಡನೆ ಕೊನೆಯವರೆಗೂ ಧರಿಸಿದ ಈ ವಿದುಷಿಯ ಬರಹಗಳ ಒಳ್ಳೆಯ ಕನ್ನಡ ಆವೃತ್ತಿಯನ್ನು ಹೊರತರುವುದು, ಆಕೆಯ ಪರಂಪರೆಯ ಪದ ಜಾವಳಿಗಳನ್ನು ಪ್ರಧಾನಸ್ಥಾನದಲ್ಲಿ ಹಾಡಿಸುವುದು, ನಮ್ಮ ಸಂಗೀತಸಭೆಗಳು ಇನ್ನು ತಡಮಾಡದೆ ಕೈಗೊಳ್ಳಬೇಕಾದ ಕೆಲಸ.