ಬೋರ್ಡೊದ ಬೆರಕೆ ವೈನು, ಕೆಂಡದ ಮಾಂಸ

ಫ್ರಾನ್ಸಿನ ಬೋರ್ಡೊದಲ್ಲಿ ಒಂದೇ ದ್ರಾಕ್ಷಿಯನ್ನು ನೆಚ್ಚಿ ಕೂರುವವರು ಕಡಿಮೆ. ಅಟ್ಲಾಂಟಿಕ್ ಕಡೆಯಿಂದ ಬರುವ ಮಳೆ ಯಾವ ವರ್ಷ ಯಾವ ತಳಿಗೆ ಏಟು ಕೊಡುತ್ತದೋ ಹೇಳಲಾಗದು. ಬೇಗ ಹಣ್ಣಾಗುವ ಮೆರ್ಲೊ, ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೊವಿನ್ಯೊನ್ ಎರಡನ್ನೂ ಬೇರೆಬೇರೆ ಹುದುಗಿಸಿ, ರುಚಿ ನೋಡಿ ಬೆರೆಸುತ್ತಾರೆ.

ಕ್ಯಾಬರ್ನೆಯದು ಒಗರು, ಮೆರ್ಲೊದ್ದು ಮೃದುತನ. ಆ ಒಗರಿಗೇ ಊಟ ಬೇಕು. ಒಗರು ತರುವ ವೈನಿನ ಟ್ಯಾನಿನ್ ಎಂಬ ಅಂಶ ಜೊಲ್ಲಿನ ಪ್ರೋಟೀನಿಗೆ ಅಂಟಿ ಬಾಯಿ ಒಣಗಿಸುತ್ತದೆ. ಮಾಂಸದ ಕೊಬ್ಬು, ಪ್ರೋಟೀನು ಜೊತೆಯಾದರೆ ಆ ಒಗರು ಮೆತ್ತಗಾಗುತ್ತದೆ. ಪೊಯ್ಯಾಕ್ ಊರಿನ ಎಳೆ ಕುರಿಮರಿಯ ಮಾಂಸಕ್ಕೆ ಅಲ್ಲಿನದೇ ವೈನು ಒಪ್ಪುವುದು ಇದಕ್ಕೇ. ಇನ್ನೂ ಸೊಗಸು ಬೋರ್ಡೊ ಶೈಲಿಯ ಆಂತ್ರಕೋಟ್: ದನದ ಪಕ್ಕೆಮಾಂಸವನ್ನು ಒಣಗಿದ ದ್ರಾಕ್ಷಿಬಳ್ಳಿಯ ಕೆಂಡದಲ್ಲಿ ಸುಟ್ಟು, ಸಣ್ಣ ಈರುಳ್ಳಿ, ಮೂಳೆಯ ಮಜ್ಜೆ ಸೇರಿಸಿ ಕುದಿಸಿದ ಕೆಂಪು ವೈನಿನ ಗೊಜ್ಜು ಸುರಿಯುತ್ತಾರೆ. ತಟ್ಟೆಯಲ್ಲೂ ವೈನು, ಲೋಟದಲ್ಲೂ ವೈನು!

ಖಾರದ ಜೊತೆ ಮಾತ್ರ ಹುಷಾರು. ಮೆಣಸಿನಕಾಯಿಯ ಉರಿಯನ್ನು ಆಲ್ಕೊಹಾಲ್ ಇನ್ನಷ್ಟು ಕೆರಳಿಸುತ್ತದೆ.

ಬೆರಕೆ ವೈನು ನಮ್ಮಲ್ಲೂ ಉಂಟು. ನಂದಿಬೆಟ್ಟದ ತಪ್ಪಲಿನ ಗ್ರೋವರ್ ದ್ರಾಕ್ಷಿತೋಟಕ್ಕೆ ಬೋರ್ಡೊದ ವೈನುತಜ್ಞ ಮಿಶೆಲ್ ರೊಲಾನ್ ಸಲಹೆಗಾರರಾಗಿದ್ದರು. ಅಲ್ಲಿನ ‘ಲಾ ರಿಸರ್ವ್’ ವೈನಿನಲ್ಲಿ ಕ್ಯಾಬರ್ನೆಗೆ ಶಿರಾಜ್ ಜೋಡಿ. ಶಿರಾಜಿಗೆ ಕಾಳುಮೆಣಸಿನ ಘಮ ಸಹಜ. ಹಾಗಾಗಿ ಕಾಳುಮೆಣಸೇ ಮುಂದಾದ, ಕೊಬ್ಬು ಕರಗಿದ ಕೊಡಗಿನ ಪಂದಿ ಕರಿಯ ಪಕ್ಕ ಇದನ್ನು ಧೈರ್ಯವಾಗಿ ಇಡಬಹುದು.